ಬುಧವಾರದ ಹೆಸರು

ಮಾರ್ಚ್ 3

ಗುಬ್ಬಿ ಡಾಕ್ಟ್ರಿಗೆ,

ಎರಡು ವರ್ಷ ದಿನಾ ನನ್ನ ಕಿಟಕಿಯ ಮುಂದೆ ಹಾದುಹೋದವರಿಗೆ ಈಗ ಕಾಗದ ಬರೆಯುತ್ತಿದ್ದೇನೆ ಎಂದು ನಗಬೇಡಿ. ಫೋನ್ ಮಾಡಿದಾಗಲೆಲ್ಲ ಸ್ವಿಚ್ ಆಫ್ ಬರುತ್ತಿದೆ. ಕಡತದಲ್ಲಿದ್ದ ನಿಮ್ಮ ಅರ್ಜಿ ಹುಡುಕಿ, ಊರಿನ ವಿಳಾಸ ತೆಗೆದುಕೊಂಡೆ.

ಬಲಗೈ ಮಣಿಕಟ್ಟು ಹೇಗಿದೆ? ಪ್ಲಾಸ್ಟರ್ ಹಾಕಿ ಇವತ್ತಿಗೆ ಸರಿಯಾಗಿ ಎರಡು ವಾರ. ಮೂಳೆ ಡಾಕ್ಟರನ್ನು ಕಾರಿಡಾರಿನಲ್ಲಿ ಹಿಡಿದು ಕೇಳಿದೆ. "ಆರು ವಾರ ಬೇಕ್ರೀ, ಆಮೇಲೆ ಬೆರಳು ಪಳಗಿಸ್ಬೇಕು" ಅಂದರು. "ಮತ್ತೆ ಆಪರೇಶನ್ ಮಾಡಬಹುದಾ ಅವ್ರು?" ಎಂದಿದ್ದಕ್ಕೆ, "ಅದು ಕೈಗಿಂತ ಮನಸ್ಸಿಗೆ ಬಿಟ್ಟಿದ್ದು" ಎಂದು ನಡೆದೇಬಿಟ್ಟರು.

ಆ ದಿನದ ರೋಗಿ ಚೆನ್ನಾಗಿದ್ದಾರೆ, ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋದರು. ನೀವು ಚರ್ಮ ಹೊಲಿಯುತ್ತಿದ್ದವರು ಕಣ್ಣು ಕತ್ತಲಾಗಿ ಕಾಲುಮಣೆಯಿಂದ ಹಿಂದಕ್ಕೆ ಬೀಳುವಾಗಲೂ ಕತ್ತರಿ ಹಿಡಿದ ಕೈಯನ್ನು ರೋಗಿಯಿಂದ ಆಚೆಗೆ ಎಳೆದುಕೊಂಡಿರಂತೆ. ಆ ಕೈಯೇ ನಿಮ್ಮ ಮೈಯಡಿ ಸಿಕ್ಕಿದ್ದು ಎಂದು ಥಿಯೇಟರ್ ಸಿಸ್ಟರ್ ಎಲ್ಲರಿಗೂ ಹೇಳುತ್ತಿದ್ದಾರೆ.

ತರಬೇತಿ ಡಾಕ್ಟರುಗಳ ಕೋಣೆಯಲ್ಲಿದ್ದ ನಿಮ್ಮ ಸಾಮಾನು ಕಟ್ಟಿ ಕಳಿಸಿದ್ದೇನೆ: ಚಪ್ಪಲಿ, ಚಾರ್ಜರ್, ಹಿಡಿ ಮುರಿದ ಕಪ್ಪು. ದಿಂಬಿನ ಕೆಳಗಿದ್ದ ಅರ್ಧ ಪ್ಯಾಕೆಟ್ ಬಿಸ್ಕತ್ತಿಗೆ ಇರುವೆ ಹತ್ತಿತ್ತು, ಎಸೆದೆ. ಆರು ಜನಕ್ಕೆ ಎರಡು ಮಂಚವಿತ್ತಲ್ಲ, ಈಗ ಐದು ಜನಕ್ಕೆ ಎರಡು.

ವಿಚಾರಣೆ ಅಂತ ಏನೋ ನಡೆಸುತ್ತಾರಂತೆ. ಅದೆಲ್ಲ ಕಾಗದದ ಶಾಸ್ತ್ರ. ನೀವು ತಲೆ ಕೆಡಿಸಿಕೊಳ್ಳದೆ ನಿದ್ದೆ ಮಾಡಿ.

ನೀವೆಲ್ಲ ಇಟ್ಟ ಹೆಸರಿನಲ್ಲೇ ಸಹಿ ಹಾಕುತ್ತೇನೆ,
ಪೆನ್ಸಿಲ್ ಮಾಮ
(ಡ್ಯೂಟಿ ಪಟ್ಟಿಯ ಗುಮಾಸ್ತ)


ಮಾರ್ಚ್ 14

ಪೆನ್ಸಿಲ್ ಮಾಮ,

ಕೈಬರಹ ಅಮ್ಮನದು, ಮಾತು ನನ್ನದು. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರಿ ಎಂದರೆ ನಡುನಡುವೆ ತಿದ್ದುತ್ತಾಳೆ. ಮೂವತ್ತು ವರ್ಷ ಕನ್ನಡಕದ ಅಂಗಡಿ ನಡೆಸಿದವಳು. ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿ ಕಾಣಬೇಕು ಅವಳಿಗೆ.

ಪಾರ್ಸೆಲ್ ತಲುಪಿತು. ಆ ಕಪ್ಪನ್ನು ಬಿಸಾಡದೆ ಕಳಿಸಿದ್ದಕ್ಕೆ ಬಹಳ ಸಂತೋಷವಾಯಿತು. ನಾನು ನಿದ್ದೆ ಮಾಡುತ್ತಿದ್ದೇನೆ. ಕೂತರೆ ನಿದ್ದೆ, ನಿಂತರೆ ನಿದ್ದೆ. ಮೊನ್ನೆ ಹಲ್ಲುಜ್ಜುತ್ತ ನಿದ್ದೆ ಹೋಗಿ ಅಮ್ಮನಿಗೆ ಗಾಬರಿ. ಎರಡು ವರ್ಷದ ಬಾಕಿ ಒಟ್ಟಿಗೇ ವಸೂಲಾಗುತ್ತಿದೆ ಎಂದೆ.

ಆ ದಿನ ಬಿದ್ದದ್ದಕ್ಕೆ ನಾಚಿಕೆಯಾಗುತ್ತದೆ. ಎಲ್ಲರೂ ಅಷ್ಟೇ ದುಡಿಯುತ್ತಾರೆ, ಯಾರೂ ಬೀಳುವುದಿಲ್ಲ. ವಿಭಾಗದ ಮುಖ್ಯಸ್ಥರಾಗಿ ದೊಡ್ಡ ಸಾಹೇಬರು ಮೇಲಿನವರಿಗೆ ಉತ್ತರ ಹೇಳಬೇಕಾಗಿರುತ್ತದೆ, ಅವರಿಗೆ ನನ್ನ ಕ್ಷಮೆ ತಿಳಿಸಿ.

ನಿಮ್ಮ,
ಗುಬ್ಬಿ

ಅವಳು ಒಳಗೆ ಹೋದಳು, ಅದಕ್ಕೆ ಈ ಎರಡು ಸಾಲು ನನ್ನವು. ಅಷ್ಟು ದೊಡ್ಡ ಆಸ್ಪತ್ರೆಯಿಂದ ನನ್ನ ಮಗಳು ಹೇಗಿದ್ದಾಳೆ ಎಂದು ಕೇಳಿದವರು ನೀವೊಬ್ಬರೇ. ನಿಮ್ಮ ಹೊಟ್ಟೆ ತಣ್ಣಗಿರಲಿ.
ಅವಳ ಅಮ್ಮ


ಏಪ್ರಿಲ್ 9

ಪೆನ್ಸಿಲ್ ಮಾಮ,

ಅಕ್ಷರ ನೋಡಿ ಹೆದರಬೇಡಿ, ಈ ಸಲ ನನ್ನದೇ ಕೈ. "ದಿನಕ್ಕೊಂದು ಪುಟ ಬರೀಲೇಬೇಕು, ಯಾರಿಗಾದ್ರೂ ಬರೀರಿ, ಶತ್ರುಗಳಿದ್ರೆ ಅವ್ರಿಗೇ ಬರೀರಿ" ಎಂದಿದ್ದಾಳೆ ಫಿಸಿಯೋ. ನನಗೆ ಶತ್ರುಗಳಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ವಿಚಾರಣೆಯ ವರದಿ ಮನೆಗೆ ಬಂತು. ಒಂದು ಭಾಗವನ್ನು ಹಾಗೇ ಇಳಿಸುತ್ತೇನೆ: "ಡ್ಯೂಟಿ ಪಟ್ಟಿಯ ಪ್ರಕಾರ ಸದರಿ ತರಬೇತಿ ವೈದ್ಯೆಗೆ ಬುಧವಾರ ವಿಶ್ರಾಂತಿಯ ದಿನ. ಅಂದಿನ ಹೆಸರು ಉಪಮುಖ್ಯಸ್ಥರದು. ಸದರಿಯವರು ಯಾರಿಗೂ ತಿಳಿಸದೆ ತಾವಾಗಿಯೇ ಹಾಜರಾಗಿದ್ದು, ಅವರು ಆಗಲೇ ಸಿದ್ಧರಾಗಿ ನಿಂತಿದ್ದನ್ನು ಕಂಡು ಉಪಮುಖ್ಯಸ್ಥರು ಬೇರೆ ಕೆಲಸಕ್ಕೆ ತೆರಳಿದ್ದಾರೆ." ಕೊನೆಯಲ್ಲಿ, ಸ್ವಂತ ಆರೋಗ್ಯದ ಬಗ್ಗೆ ನಾನು ಹೆಚ್ಚಿನ ಜವಾಬ್ದಾರಿ ತೋರಿಸಬೇಕು ಎಂಬ ಸಲಹೆ.

ಮಾಮ, ಸೋಮವಾರ ಬೆಳಗ್ಗೆ ಎಂಟಕ್ಕೆ ಬಂದವಳು ಮಂಗಳವಾರ ಸಂಜೆ ಐದಕ್ಕೆ ಬಿಟ್ಟೆ. ಹೊರಡುವಾಗ ನೋಟೀಸ್ ಬೋರ್ಡಿನ ಮುಂದೆ ನಿಂತೆ. ಪಟ್ಟಿಯ ಬುಧವಾರದ ಮನೆಯಲ್ಲಿ ಉಪಮುಖ್ಯಸ್ಥರ, ಅಂದರೆ ನಮ್ಮ ಚಿಕ್ಕ ಸಾಹೇಬರ ಹೆಸರಿಗೆ ಅಡ್ಡಗೆರೆ ಎಳೆದು ಮೇಲೆ ನನ್ನ ಹೆಸರು ಬರೆದಿತ್ತು. ನಾನು ಅದನ್ನು ಕಂಡೆ. ಕಂಡು, "ಅಯ್ಯೋ" ಎಂದುಕೊಂಡೆ, ಅದೂ ನೆನಪಿದೆ. ಆದರೆ ವರದಿಯ ಜೊತೆಗೆ ಪಟ್ಟಿಯ ಪ್ರತಿ ಇಟ್ಟಿದ್ದಾರೆ. ಅದರಲ್ಲಿ ಅಡ್ಡಗೆರೆಯೂ ಇಲ್ಲ, ನಾನೂ ಇಲ್ಲ.

ಆ ಪಟ್ಟಿ ಬರೆಯುವವರು ನೀವು. ನೀವು ಹೇಳಿದ್ದನ್ನು ನಂಬುತ್ತೇನೆ. ನನ್ನ ಹೆಸರು ಅಲ್ಲಿತ್ತೇ? ಇರಲಿಲ್ಲ ಎಂದರೂ ಬೇಸರವಿಲ್ಲ, ನನ್ನನ್ನು ಸಮಾಧಾನ ಮಾಡಲು ಹೋಗಬೇಡಿ. ಇದ್ದದ್ದು ಹೇಳಿ.

ನಿಮ್ಮ,
ಗುಬ್ಬಿ


ಏಪ್ರಿಲ್ 20

ಗುಬ್ಬಿ ಡಾಕ್ಟ್ರಿಗೆ,

ಉತ್ತರ ತಡವಾಯಿತು. ಇಲ್ಲಿ ಒಂದು ವಾರ ಜಾತ್ರೆಯೋ ಜಾತ್ರೆ. ನೀವು ಬಿದ್ದ ಮೇಲೆ ಮೇಲಿನವರಿಗೆ ತರಬೇತಿ ಡಾಕ್ಟರುಗಳ ಯೋಗಕ್ಷೇಮ ಜ್ಞಾಪಕಕ್ಕೆ ಬಂದು, 'ಕ್ಷೇಮ ಸಪ್ತಾಹ' ಮಾಡಿದರು. ಗೋಡೆಗೆಲ್ಲ ನಗುವ ಮುಖದ ಚಿತ್ರ ಅಂಟಿಸಿದರು. ಹೊರಗಿನಿಂದ ಒಬ್ಬರು ಬಂದು ಉಸಿರಾಡುವುದು ಹೇಗೆ ಎಂದು ಕಲಿಸಿದರು. ಯಾರು ಯಾವಾಗ ಹೋಗಿ ಉಸಿರಾಡಬೇಕು ಎಂದು ನಾನೇ ಪಟ್ಟಿ ಮಾಡಿದೆ. ಐದು ಜನರಲ್ಲಿ ಮೂವರು ಥಿಯೇಟರಿನಲ್ಲಿದ್ದರು, ಒಬ್ಬರು ತುರ್ತು ವಿಭಾಗದಲ್ಲಿ. ಹೋದವನು ಒಬ್ಬನೇ. ಅವನು ಎರಡನೇ ಉಸಿರಿಗೇ ಗೊರಕೆ ಹೊಡೆದ. "ನೋಡಿ, ಎಷ್ಟು ಬೇಗ ಆಳಕ್ಕೆ ಇಳಿದ್ರು ಇವರು" ಎಂದು ಆ ಮನುಷ್ಯ ಅವನನ್ನು ಹೊಗಳಿದರಂತೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಟ್ಟಿಯಲ್ಲಿ ಚಿಕ್ಕ ಸಾಹೇಬರ ಹೆಸರೇ ಇದೆ. ಮೂವತ್ತಮೂರು ಗಂಟೆ ನಿದ್ದೆ ಇಲ್ಲದ ಕಣ್ಣಿಗೆ ಏನು ಕಂಡರೂ ಕಂಡೀತು. ನಾನೂ ಒಮ್ಮೆ ಜ್ವರದಲ್ಲಿ ತಾರೀಖು ತಪ್ಪಿ ಓದಿ ಭಾನುವಾರ ಆಫೀಸಿಗೆ ಬಂದು ಬೀಗದ ಮುಂದೆ ನಿಂತಿದ್ದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಯಾರೂ ನಿಮ್ಮನ್ನು ದೂರುತ್ತಿಲ್ಲ. ಆದದ್ದಾಯಿತು, ಮರೆತುಬಿಡಿ.

ಕೈಗೆ ದಿನಾ ಬಿಸಿನೀರಿನ ಶಾಖ ಕೊಡಿ.

ಪೆನ್ಸಿಲ್ ಮಾಮ


ಮೇ 14

ಪೆನ್ಸಿಲ್ ಮಾಮ,

ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ, ಉಪಕಾರವಾಯಿತು. ನಿಮ್ಮ ಕಾಗದ ಬರುವವರೆಗೂ ಮನಸ್ಸಿನ ಮೂಲೆಯಲ್ಲಿ, ಯಾರೋ ಏನೋ ಮಾಡಿದ್ದಾರೆ ಎಂಬ ಅನುಮಾನವಿತ್ತು. ಸುಮ್ಮನೆ ಕಂಡವರ ಮೇಲೆ ಗೂಬೆ ಕೂರಿಸುತ್ತಿದ್ದೆನಲ್ಲ ಎಂದು ಈಗ ನನಗೇ ಕೆಡುಕೆನಿಸುತ್ತದೆ.

ಹಾಗಾದರೆ ಕಂಡದ್ದೇನು? ಅಮ್ಮ ಅಂಗಡಿಯಲ್ಲಿ ಕೂರಿಸಿ ಅಕ್ಷರದ ಬೋರ್ಡು ಓದಿಸಿದಳು, ಕೊನೆಯ ಸಾಲಿನವರೆಗೂ ಓದಿದೆ. ಸಾಲದೆಂದು ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣು ಚೆನ್ನಾಗಿದೆ. ಆಮೇಲೆ ತಲೆಯ ಸ್ಕ್ಯಾನ್. ತಲೆಯೂ ಚೆನ್ನಾಗಿದೆ. ಅಮ್ಮ ಸಂತೋಷದಿಂದ ಅತ್ತಳು. ನನಗೆ ಭಯ ಹುಟ್ಟಿದ್ದೇ ಆಗ. ಕಣ್ಣಿನಲ್ಲಿ ದೋಷವಿಲ್ಲ, ಮೆದುಳಿನಲ್ಲಿ ದೋಷವಿಲ್ಲ, ಆದರೂ ಇಲ್ಲದ ಹೆಸರನ್ನು ಅಡ್ಡಗೆರೆ ಸಮೇತ ಕಂಡೆ ಎಂದರೆ ಅದಕ್ಕೆ ಯಾವ ಡಾಕ್ಟರು ಔಷಧಿ ಕೊಡುತ್ತಾರೆ?

ಈಗ ಏನು ಓದಿದರೂ ಎರಡು ಸಲ ಓದುತ್ತೇನೆ. ಬಸ್ಸಿನ ನಂಬರ್ ಕಂಡರೂ ಪಕ್ಕದವರನ್ನು ಕೇಳುತ್ತೇನೆ. ಒಲೆ ಆರಿಸಿದ್ದೇನೆ ಎಂದು ಗೊತ್ತಿದ್ದೂ ಮತ್ತೆ ಹೋಗಿ ನೋಡುತ್ತೇನೆ. ಇಂಥವಳ ಕೈಗೆ ಚಾಕು ಕೊಟ್ಟು ಮಲಗಿದವರ ಹೊಟ್ಟೆ ತೋರಿಸುವುದು ಯಾವ ನ್ಯಾಯ? ನಾಳೆ ಇದ್ದ ರಕ್ತನಾಳ ಕಾಣದೆ ಹೋದರೆ?

ಅದಕ್ಕೇ ಶಸ್ತ್ರಚಿಕಿತ್ಸೆಯ ತರಬೇತಿ ಬಿಡುತ್ತೇನೆ ಎಂದು ಅರ್ಜಿ ಕಳಿಸಿದ್ದೇನೆ. ಜೂನ್ ಮೂವತ್ತಕ್ಕೆ ಅದು ಮಂಜೂರಾಗುತ್ತದೆ. ಕೈ ಚೆನ್ನಾಗಿ ಕೂಡಿಕೊಂಡಿದೆ, ಸೂಜಿಗೆ ದಾರ ಪೋಣಿಸುತ್ತೇನೆ. ಬಿಡುತ್ತಿರುವುದು ಕೈಯಿಂದಲ್ಲ.

ನಿಮಗೆ ಬೇಸರವಾಗುತ್ತದೆ ಎಂದು ಗೊತ್ತು. ನಿಮ್ಮ ತಪ್ಪೇನೂ ಇಲ್ಲ.

ನಿಮ್ಮ,
ಗುಬ್ಬಿ


ಜೂನ್ 6

ಗುಮಾಸ್ತರಿಗೆ ನಮಸ್ಕಾರ.

ನಾನು ಅವಳ ಅಮ್ಮ. ಅವಳಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅವಳ ಕಾಗದಕ್ಕೆ ನೀವು ಉತ್ತರ ಬರೆದಿಲ್ಲ, ಕೆಲಸವಿರಬಹುದು.

ಇವತ್ತು ಬೆಳಗ್ಗೆ ಪೇಪರ್ ಹಿಡಿದು ಕೂತಿದ್ದಳು. "ಅಮ್ಮ, ಇಲ್ಲಿ ಸೇತುವೆ ಅಂತಾನೇ ಬರ್ದಿದೆ ತಾನೆ?" ಎಂದಳು. ದಪ್ಪ ಅಕ್ಷರದಲ್ಲಿ ಸೇತುವೆ ಎಂದೇ ಇತ್ತು. ಹೌದು ಎಂದೆ. "ಸರಿಯಾಗಿ ನೋಡಮ್ಮ" ಎಂದಳು. ಐದನೆಯ ವಯಸ್ಸಿನಲ್ಲಿ ನನ್ನ ಅಂಗಡಿಯ ಬೋರ್ಡನ್ನು ಹಿಂದುಮುಂದಾಗಿ ಓದಿ ಗಿರಾಕಿಗಳನ್ನು ನಗಿಸುತ್ತಿದ್ದ ಹುಡುಗಿ ಅವಳು.

ನಾನು ಹೇಳಿದರೆ, "ನೀನು ಅಮ್ಮ, ಹಾಗೇ ಹೇಳ್ತೀಯ" ಎನ್ನುತ್ತಾಳೆ. ನಿಮ್ಮ ಮಾತೆಂದರೆ ಅವಳಿಗೆ ನಂಬಿಕೆ. ನಿನಗೆ ಹುಚ್ಚು ಹಿಡಿದಿಲ್ಲ ಎಂದು ನೀವು ಒಂದು ಸಾಲು ಬರೆಯಿರಿ. ಇಷ್ಟೇ ನಾನು ಕೇಳುವುದು.

ಅವಳ ಅಮ್ಮ


ಜೂನ್ 11

ಡಾಕ್ಟ್ರೇ,

ಆ ಬುಧವಾರ ನಿಮ್ಮ ಹೆಸರಿತ್ತು. ನೀವು ಸರಿಯಾಗಿಯೇ ಓದಿದಿರಿ. ಬರೆದವನು ನಾನು. ಇಲ್ಲವಾಗಿಸಿದವನೂ ನಾನು.

ಇಷ್ಟು ಓದಿ ಕಾಗದ ಕೆಳಗಿಟ್ಟು ಅಮ್ಮನಿಗೆ ಹೇಳಿ ಬನ್ನಿ. ಉಳಿದದ್ದು ನನ್ನ ಕಥೆ, ಅದಕ್ಕೆ ಅವಸರವಿಲ್ಲ.

ಪ್ರತಿ ವಾರ ಎರಡು ಹಾಳೆ ಇರುತ್ತವೆ. ದೊಡ್ಡ ಸಾಹೇಬರು ಸಹಿ ಹಾಕಿದ್ದು ಕಡತದಲ್ಲಿ, ಅದರ ನಕಲು ಬೋರ್ಡಿನಲ್ಲಿ. ಯಾರಿಗೋ ಜ್ವರ, ಯಾರಿಗೋ ರಜೆ, ಎಲ್ಲ ತಿದ್ದುಪಡಿಯೂ ಬೋರ್ಡಿನ ನಕಲಿನ ಮೇಲೆ, ಪೆನ್ಸಿಲ್ಲಿನಲ್ಲಿ. ಮಂಗಳವಾರ ನಾಲ್ಕು ಗಂಟೆಗೆ ಚಿಕ್ಕ ಸಾಹೇಬರು ಕಿಟಕಿಗೆ ಬಂದು, "ನಾಳೆ ನಂಗೆ ಬೇರೆ ಕಡೆ ಭಾಷಣ ಇದೆ ಕಣ್ರೀ, ಯಾರನ್ನಾದ್ರೂ ಹಾಕಿ" ಎಂದರು. ಆರು ಹೆಸರು ನೋಡಿದೆ. ಒಬ್ಬರಿಗೆ ಕಾಯಿಲೆ, ಮೂವರು ಬೇರೆ ಕಡೆ ನಿಂತಿದ್ದರು. ಉಳಿದವರು ನೀವು, ಮತ್ತೆ ಇನ್ನೊಬ್ಬ. ಅವನ ಹೆಸರು ಹಾಕಿದರೆ ಬಂದು ಕಿಟಕಿ ಬಡಿಯುತ್ತಾನೆ. ನಿಮ್ಮ ಹೆಸರು ಹಾಕಿದರೆ ನೀವು ಸುಮ್ಮನೆ ಬರುತ್ತೀರಿ. ನಿಮ್ಮ ಹೆಸರು ಹಾಕಿದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಗಾದೆ ಹೇಳುತ್ತೇವೆ, ಗುದ್ದುವ ಕೈ ನನ್ನದೇ ಎಂದು ಆಗ ಹೊಳೆಯಲಿಲ್ಲ. ನೀವು ಮೂವತ್ತೆರಡು ಗಂಟೆಯಿಂದ ನಿಂತಿದ್ದೀರಿ ಎಂದು ಗೊತ್ತಿತ್ತು. ಗೊತ್ತಿಲ್ಲದೆ ಏನು, ಆ ಗಂಟೆಗಳನ್ನು ಬರೆದವನೂ ನಾನೇ. ಬರೆದು ಟೀ ಕುಡಿಯಲು ಹೋದೆ.

ಬುಧವಾರ ನಿಮ್ಮನ್ನು ಎಕ್ಸ್-ರೇಗೆ ಕರೆದೊಯ್ದಾಗ ದೊಡ್ಡ ಸಾಹೇಬರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು.

"ಪಟ್ಟಿ ತಿದ್ದಿದ್ದು ಯಾರು?"

"ಚಿಕ್ಕ ಸಾಹೇಬ್ರು ಹೇಳಿದ್ರು ಸಾರ್."

"ಬರೆದು ಕೊಟ್ಟಿದ್ದಾರಾ?"

"ಇಲ್ಲ ಸಾರ್."

"ಹಾಗಾದ್ರೆ ತಿದ್ದಿದ್ದು ನೀವು. ನೋಡಿ, ಕಡತದಲ್ಲಿ ನನ್ನ ಸಹಿ ಇರೋ ಹಾಳೆ ಇದೆಯಲ್ಲ, ಅದರ ಇನ್ನೊಂದು ನಕಲು ತೆಗೆದು ಬೋರ್ಡಿಗೆ ಹಾಕಿ. ಇದನ್ನ ತೆಗೀರಿ. ನೀವೇನೂ ಸುಳ್ಳು ಬರೀತಿಲ್ಲ. ಮೊದ್ಲು ಇದ್ದಿದ್ದನ್ನೇ ಹಾಕ್ತಿದ್ದೀರಿ, ಅಷ್ಟೇ."

ಅವರ ಬೂಟಿನ ಸದ್ದು ಮೆಟ್ಟಿಲಿಳಿಯುವ ಮೊದಲೇ ಎದ್ದು ಹೋಗಿ ಹಾಳೆ ತೆಗೆದೆ. ನಿಮ್ಮ ಜೊತೆಯವರು ಹಳೆಯ ಹಾಳೆ ನೋಡಿರಬಹುದು. ಅವರನ್ನು ಯಾರೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಮುಂದಿನ ವಾರದ ಅವರ ಹೆಸರು ನನ್ನ ಕೈಯಲ್ಲೇ ಇತ್ತಲ್ಲ.

ಆ ಹಾಳೆ ಹರಿಯಲಿಲ್ಲ. ಮೇಜಿನ ಡ್ರಾಯರಿನಲ್ಲಿ ಕಾರ್ಬನ್ ಪೇಪರಿನ ಕೆಳಗೆ ಇಟ್ಟುಕೊಂಡೆ. ಧೈರ್ಯ ಬಂದಾಗ ತೋರಿಸೋಣ ಎಂದು ಇಟ್ಟುಕೊಂಡೆ ಎಂದರೆ ಅದೂ ಸುಳ್ಳಾಗುತ್ತದೆ. ಎಲ್ಲವನ್ನೂ ನನ್ನ ತಲೆಗೇ ಕಟ್ಟಿದರೆ ತೋರಿಸಲು ಇರಲಿ ಎಂದು ಇಟ್ಟುಕೊಂಡದ್ದು.

ಮಾರ್ಚಿನಲ್ಲಿ ನಿಮಗೆ ಬರೆದೆನಲ್ಲ, ಅದು ಅಕ್ಕರೆಯಿಂದಲೇ ಎಂದು ಆಗ ನಾನೂ ನಂಬಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿಮಗೆ ಏನಾದರೂ ಗೊತ್ತಾಗಿದೆಯೋ ಎಂದು ತಿಳಿಯಲು ಬರೆದಿದ್ದೆ. ನಾನೊಬ್ಬನೇ ಕೇಳಿದ್ದು ಎಂದು ನಿಮ್ಮ ಅಮ್ಮ ಬರೆದ ಸಾಲನ್ನು ಮತ್ತೆ ಮತ್ತೆ ಓದಿದೆ. ಆದರೂ ಬಾಯಿ ಬಿಡಲಿಲ್ಲ.

ಏಪ್ರಿಲಿನಲ್ಲಿ ನೀವು ನೇರವಾಗಿ ಕೇಳಿದಿರಿ. ಒಂದು ವಾರ ಕಾಗದ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ "ಹೆಸರೇ ಇದೆ" ಎಂದು ಬರೆದೆ. 'ಇತ್ತು' ಎಂದು ಬರೆಯಲಿಲ್ಲ. ಇಪ್ಪತ್ತಾರು ವರ್ಷದ ಗುಮಾಸ್ತಿಕೆ ಕಲಿಸಿದ ಬುದ್ಧಿ ಅದು; ಸುಳ್ಳು ಹೇಳದೆಯೇ ಒಬ್ಬರನ್ನು ಹಾಳುಮಾಡಬಹುದು. ನಿಮ್ಮ ಮೇ ತಿಂಗಳ ಕಾಗದ ಓದಿದ ಮೇಲೆ ಮೂರು ಸಲ ಈ ಪತ್ರ ಶುರುಮಾಡಿದೆ. ಮೊನ್ನೆ ನಿಮ್ಮ ಅಮ್ಮನ ಕಾಗದ ಬಂತು. ಸೇತುವೆಯ ವಿಷಯ ಬರೆದಿದ್ದರು.

ಅದು ಸೇತುವೆಯೇ ಡಾಕ್ಟ್ರೇ. ನೀವು ಕಂಡದ್ದೆಲ್ಲ ಇದ್ದದ್ದೇ.

ಹಾಳೆಯ ಜೆರಾಕ್ಸ್ ಇದರೊಂದಿಗಿದೆ. ಮೂಲವನ್ನು ಸೋಮವಾರ ಕೊಡಬೇಕಾದವರಿಗೆ ಕೊಡುತ್ತೇನೆ. ಕ್ಷಮಿಸಿ ಎಂದು ಬರೆಯಲು ನನಗೆ ಮುಖವಿಲ್ಲ.

ಡ್ಯೂಟಿ ಪಟ್ಟಿಯ ಗುಮಾಸ್ತ


ಜೂನ್ 25

ಡಾಕ್ಟ್ರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ. ಮೂವತ್ತನೇ ತಾರೀಖಿನೊಳಗೆ ಇಷ್ಟು ನಿಮಗೆ ತಿಳಿದಿರಬೇಕು ಎಂದು ಬರೆಯುತ್ತಿದ್ದೇನೆ.

ಹೇಳಿದ್ದಂತೆ ಆ ಸೋಮವಾರವೇ, ವಿಚಾರಣೆ ನಡೆಸಿದ ಹಿರಿಯ ವೈದ್ಯೆಯ ಮನೆಗೇ ಹೋದೆ. ಆಕೆ ಹೊರಗಿನವರು, ನಮ್ಮ ಆಸ್ಪತ್ರೆಯ ಹಂಗಿಲ್ಲದವರು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟು ದಿನ ಎಲ್ಲಿತ್ತು ಇದು?"

"ನನ್ನ ಡ್ರಾಯರಲ್ಲಿ."

"ನಾಲ್ಕು ತಿಂಗಳು?"

"ಹೌದಮ್ಮ."

"ನಾನು ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಕೇಳಿದ್ದೆ. ಇದೊಂದೇ ಪಟ್ಟಿ ತಾನೆ ಅಂತ. ತಲೆ ಆಡಿಸಿದ್ರಿ."

"ಆಡಿಸಿದೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆ ಹುಡುಗಿಗೆ ಜವಾಬ್ದಾರಿ ತೋರಿಸು ಅಂತ ಸಲಹೆ ಬರ್ದೆ ನಾನು. ನನ್ನ ಕೈಯಾರೆ" ಎಂದರು. ತಮ್ಮಷ್ಟಕ್ಕೇ ಹೇಳಿಕೊಂಡದ್ದು ಅದು. ಆಮೇಲೆ ನನ್ನ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದರು. ವರದಿ ಬದಲಾಗುತ್ತದೆ. ಎರಡು ವರ್ಷದ ಬೋರ್ಡಿನ ಹಾಳೆಗಳನ್ನೆಲ್ಲ ತರಿಸಿಕೊಂಡಿದ್ದಾರೆ. ಅವುಗಳಲ್ಲಿ ಭಾನುವಾರದ ಸಾಲನ್ನು ಬೆರಳಿಟ್ಟು ಓದಿದರೆ ನಿಮ್ಮ ಹೆಸರೇ ಬರುತ್ತದೆ.

ನನ್ನನ್ನು ಬಟ್ಟೆಯ ಉಗ್ರಾಣಕ್ಕೆ ಹಾಕಿದ್ದಾರೆ. ಒಗೆದು ಬಂದ ಹಸಿರು ಗೌನುಗಳನ್ನು ಮಡಿಸಿ ಇಡುವ ಕೆಲಸ. ನನಗದು ಶಿಕ್ಷೆಯೇ ಅಲ್ಲ. ದೊಡ್ಡ ಸಾಹೇಬರು ಎದುರು ಸಿಕ್ಕರೆ ಗೋಡೆ ನೋಡುತ್ತಾರೆ, ನಾನೂ ಗೋಡೆ ನೋಡುತ್ತೇನೆ.

ಕಲಿಕೆ ಬಿಡುವುದಿದ್ದರೆ ಬೇಡವೆಂದು ಬಿಡಿ. ನನ್ನ ಸುಳ್ಳಿನಿಂದ ಬಿಡಬೇಡಿ.

ಗುಮಾಸ್ತ


ಜುಲೈ 8

ಗುಮಾಸ್ತರಿಗೆ,

ನಿಮ್ಮ ಕಾಗದವನ್ನು ಅವಳೇ ಓದಿದಳು. ಎರಡನೆಯ ಸಲ ಓದಲಿಲ್ಲ. ಜೆರಾಕ್ಸ್ ಹಿಡಿದುಕೊಂಡು ಜೋರಾಗಿ ನಕ್ಕಳು, ಹೆದರಿಕೆಯಾಯಿತು ನನಗೆ. "ಇತ್ತಮ್ಮ, ಇತ್ತು ನೋಡು, ಗೆರೆ ಸಮೇತ ಇತ್ತು" ಎನ್ನುತ್ತ ಅಂಗಡಿಗೆ ಬಂದ ಗಿರಾಕಿಗೂ ತೋರಿಸಿದಳು. ಆಮೇಲೆ ಒಂದು ವಾರ ನನ್ನೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನಾನೂ ಅವಳನ್ನು ನಂಬಿರಲಿಲ್ಲವಲ್ಲ. ಕಣ್ಣು ಪರೀಕ್ಷೆ ಮಾಡಿದವಳು, ಸ್ಕ್ಯಾನಿಗೆ ಕರೆದೊಯ್ದವಳು ನಾನೇ. ನನ್ನ ಮಗಳ ಕಣ್ಣಿಗಿಂತ ಆಸ್ಪತ್ರೆಯ ಕಾಗದ ದೊಡ್ಡದಾಯಿತು ನನಗೆ. ಆ ಪಾಪದಲ್ಲಿ ನನ್ನ ಪಾಲೂ ಇದೆ, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಇಪ್ಪತ್ತೊಂಬತ್ತನೇ ತಾರೀಖು ಅರ್ಜಿ ವಾಪಸು ತೆಗೆದುಕೊಂಡಳು. ನಿಮ್ಮ ಆಸ್ಪತ್ರೆಗಲ್ಲ, ಬೇರೆ ಕಡೆ ಸೇರುತ್ತಾಳೆ.

ನೀವೊಬ್ಬರೇ ಕೇಳಿದ್ದು ಎಂದು ಒಂದು ಸಾಲು ಬರೆದಿದ್ದೆ. ಆ ಕಾಗದ ನಿಮ್ಮಲ್ಲಿದ್ದರೆ ಆ ಸಾಲು ಹೊಡೆದುಹಾಕಿ.

ಅವಳ ಅಮ್ಮ


ಅಕ್ಟೋಬರ್ 2

ಮಾಮ,

ಹೇಗೆ ಕರೆಯಬೇಕೆಂದು ಬಹಳ ಯೋಚಿಸಿದೆ. ಬೇರೆ ಯಾವ ಹೆಸರೂ ಕೈಗೆ ಬರಲಿಲ್ಲ, ಅಷ್ಟೇ. ಕರಗಿದ್ದೇನೆ ಎಂದು ತಿಳಿಯಬೇಡಿ.

ಜುಲೈಯಿಂದ ನಾಲ್ಕು ಕಾಗದ ಬರೆದು ಹರಿದೆ. ಹೆಸರು ಹಾಕಿದ್ದು ನನ್ನನ್ನು ಅಷ್ಟು ನೋಯಿಸುವುದಿಲ್ಲ. ಹಾಳೆ ತೆಗೆದದ್ದೂ ಅರ್ಥವಾಗುತ್ತದೆ, ಹೆದರಿದಿರಿ. ನುಂಗಲಾಗದ್ದು ಏಪ್ರಿಲಿನ ಆ ಕಾಗದ. ಸಮಾಧಾನ ಮಾಡಬೇಡಿ, ಇದ್ದದ್ದು ಹೇಳಿ ಎಂದು ಕೇಳಿದ್ದೆ. ನೀವು ಬಿಸಿನೀರಿನ ಶಾಖ ಕೊಡಲು ಹೇಳಿದಿರಿ.

ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಕೈ ನಡೆಯುತ್ತಿದೆ. ಇಲ್ಲಿ ಡ್ಯೂಟಿ ಪಟ್ಟಿ ಮಾಡಲು ಗುಮಾಸ್ತರಿಲ್ಲ, ಹಿರಿಯ ತರಬೇತಿ ಡಾಕ್ಟರೇ ಮಾಡಬೇಕು. ಹಿರಿಯಳೆಂದರೆ ಈಗ ನಾನು.

ಹೋದ ವಾರ ಒಬ್ಬನಿಗೆ ಜ್ವರ ಬಂತು. ಶುಕ್ರವಾರದ ಮನೆ ಖಾಲಿ. ನಾನು ಯೋಚನೆಯನ್ನೇ ಮಾಡಲಿಲ್ಲ ಮಾಮ, ಕೈ ತಾನಾಗಿ ಒಂದು ಹೆಸರು ಬರೆಯಿತು. ಹೊಸದಾಗಿ ಬಂದ ಹುಡುಗಿಯದು. ಬರೆದು ಮುಗಿಸಿ ಮೇಲಿನಿಂದ ಓದಿದರೆ ಆ ವಾರದಲ್ಲಿ ಅದು ಮೂರನೆಯ ಸಲ. ಅವಳಿಗೆ ಹೇಳಿದರೆ "ಆಯ್ತಕ್ಕ" ಎನ್ನುತ್ತಾಳೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬರೆದೆ.

ಕೋಣೆಗೆ ಹೋಗಿ ನೋಡಿದೆ. ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಗೊರಗಿ ಮಲಗಿದ್ದಳು. ಬಂದು ಅವಳ ಹೆಸರು ಹೊಡೆದು ನನ್ನ ಹೆಸರು ಬರೆದೆ. ನನ್ನ ಹೆಸರೂ ಆ ವಾರ ಮೂರನೆಯ ಸಲವೇ. ಅವಳ ಬದಲು ನಾನು ಬಿದ್ದರೂ ಬಿದ್ದದ್ದು ಬಿದ್ದದ್ದೇ ತಾನೆ? ಅದನ್ನೂ ಹೊಡೆದೆ. ಖಾಲಿ ಮನೆಯ ಸಮೇತ ಪಟ್ಟಿಯನ್ನು ನಮ್ಮ ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

"ಇದೇನಿದು ಖಾಲಿ?"

"ಜನ ಇಲ್ಲ ಮೇಡಂ. ಒಂದು ಆಪರೇಶನ್ ಮುಂದಕ್ಕೆ ಹಾಕ್ಬೇಕು."

"ನಿಮ್ಮ ವಯಸ್ಸಲ್ಲಿ ನಾವು ಹೀಗೆಲ್ಲ ಕೇಳ್ತಿರ್ಲಿಲ್ಲ."

"ನಾನೂ ಕೇಳ್ತಿರ್ಲಿಲ್ಲ ಮೇಡಂ. ಕೈ ಮುರ್ಕೊಂಡೆ."

ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಗೆ, "ಪಿತ್ತಕೋಶದ್ದನ್ನ ಸೋಮವಾರಕ್ಕೆ ಹಾಕಿ. ರೋಗಿಗೆ ನೀವೇ ಹೋಗಿ ಹೇಳಿ. ನಾನು ಹೇಳಲ್ಲ" ಎಂದರು.

ಹೋದೆ. ಆಕೆ ಒಬ್ಬ ಲಾರಿ ಡ್ರೈವರನ ತಾಯಿ. ಮಗ ಮೂರು ದಿನ ರಜೆ ಹಾಕಿ ಬಂದಿದ್ದ. ವಿಷಯ ಹೇಳಿದೆ. "ನಿಮ್ಮವರಿಗೆ ನಿದ್ದೆ ಬೇಕು ಅಂತ ನಮ್ಮಮ್ಮ ಇನ್ನೂ ಮೂರು ದಿನ ನೋವು ತಿನ್ಬೇಕಾ?" ಎಂದ ಅವನು. ಆ ತಾಯಿಯೇ, "ಬಿಡಪ್ಪ, ನೀನು ನಿದ್ದೆಗೆಟ್ಟು ಗಾಡಿ ಓಡಿಸಿದ್ರೆ ನಾನು ಸುಮ್ನಿರ್ತೀನಾ" ಎಂದರು. ಅವನು ಮುಖ ತಿರುಗಿಸಿಕೊಂಡ. ಆಕೆ ಸೋಮವಾರದವರೆಗೆ ನೋವು ತಿಂದದ್ದು ನಿಜ. ಅದು ನನ್ನ ಲೆಕ್ಕಕ್ಕೇ.

ಈಗ ಇಲ್ಲಿ ಒಂದು ಸಮಿತಿ ಮಾಡಿದ್ದಾರೆ, ತರಬೇತಿ ಡಾಕ್ಟರುಗಳ ಕೆಲಸದ ಗಂಟೆಯ ಬಗ್ಗೆ. ನಿಮ್ಮನ್ನು ವಿಚಾರಿಸಿದ ಆ ಹಿರಿಯ ವೈದ್ಯೆಯೂ ಅದರಲ್ಲಿದ್ದಾರೆ. ಉಸಿರಾಟ ಕಲಿಸುವವರು ಬೇಡ ಎಂದು ಅವರೇ ಹೇಳಿದ್ದಾರೆ. ಹೆಸರು ಹೇಗೆ ಬೀಳುತ್ತದೆ ಎನ್ನುವುದು ನಮಗ್ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತು. ಇಪ್ಪತ್ತಾರು ವರ್ಷದಲ್ಲಿ ಯಾರು ಬಂದು ಏನು ಕೇಳಿದರು, ನೀವು ಯಾರನ್ನು ಆರಿಸಿದಿರಿ, ಹೇಗೆ ಆರಿಸಿದಿರಿ, ಎಲ್ಲವನ್ನೂ ಬರೆದು ಕಳಿಸಿ. ಚಂದ ಮಾಡಬೇಡಿ.

ಕ್ಷಮಿಸಿದ್ದೇನೆ ಎಂದು ಬರೆಯೋಣವೆಂದೇ ಕೂತಿದ್ದೆ. ಆಗಲಿಲ್ಲ. ಆದ ದಿನ ತಿಳಿಸುತ್ತೇನೆ.

ಗುಬ್ಬಿ


ಅಕ್ಟೋಬರ್ 11

ಗುಬ್ಬಿ ಡಾಕ್ಟ್ರಿಗೆ,

ಕೇಳಿದ್ದನ್ನು ಬರೆಯಲು ಶುರುಮಾಡಿದ್ದೇನೆ. ಉಗ್ರಾಣದಲ್ಲಿ ಮಧ್ಯಾಹ್ನ ಗೌನುಗಳು ಬರುವವರೆಗೆ ಬಿಡುವಿರುತ್ತದೆ. ಇಪ್ಪತ್ತಾರು ವರ್ಷದ್ದನ್ನು ಎಲ್ಲಿಂದ ಹಿಡಿಯುವುದು ಎಂದು ಎರಡು ದಿನ ಸುಮ್ಮನೆ ಕೂತೆ. ಕೊನೆಗೆ ನಿಮ್ಮಿಂದಲೇ ಹಿಡಿದೆ. ಮೊದಲ ಪುಟ ಇಲ್ಲಿದೆ, ಸಮಿತಿಗೆ ಬೇಕಾದರೆ ಕೊಡಿ, ಬೇಡವಾದರೆ ನಿಮ್ಮಲ್ಲೇ ಇರಲಿ.

"ಆಕೆ ಸೇರಿ ಎರಡನೆಯ ವಾರ. ಶನಿವಾರ ಮಧ್ಯಾಹ್ನ ಊರಿಗೆ ಹೊರಟು ನನ್ನ ಕಿಟಕಿಗೆ ಬಂದಳು, ಹೆಗಲಲ್ಲಿ ನೀಲಿ ಚೀಲ. ಸೋಮವಾರ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಲು ಬಂದದ್ದು, ಅಷ್ಟೇ. ಅದೇ ಹೊತ್ತಿಗೆ ಫೋನು ಬಂತು, ಭಾನುವಾರದವನು ಬರುವುದಿಲ್ಲ ಎಂದು. ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರಿದ್ದವು. ನಾನು ಒಬ್ಬರಿಗೂ ಫೋನ್ ಮಾಡಲಿಲ್ಲ. ತಲೆ ಎತ್ತಿ ಆಕೆಯ ಮುಖ ನೋಡಿದೆ. ಆಕೆ ಬಸ್ ಟಿಕೆಟನ್ನು ಮಡಿಸಿ ಜೇಬಿಗಿಟ್ಟುಕೊಂಡು, ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ಅಂದಿನಿಂದ ಪಟ್ಟಿಯಲ್ಲಿ ಮನೆ ಖಾಲಿಯಾದಾಗಲೆಲ್ಲ ನಾನು ಬೇರೆ ಯಾರ ಮುಖವನ್ನೂ ನೋಡಲಿಲ್ಲ."

ಇಂತಿ,
ಬರೆದವನು